ಚೆಂಡಿಗೆ ನೂರು ಎಕರೆ, ಹೆಣಕ್ಕೆ ಆರಡಿ ಇಲ್ಲ

ಹಾಸ್ಟೆಲ್ ಗೆಳೆಯರೇ, ಅಕ್ಕತಂಗಿಯರೇ,

ಗಾಲ್ಫ್ ಅಂದರೆ ನಮಗೇನು? ಕಡೂರು, ತರೀಕೆರೆ, ಅಜ್ಜಂಪುರದ ಕೇರಿಗಳಲ್ಲಿ ಹುಟ್ಟಿದ ನಮಗೆ ಗೋಲಿ ಗೊತ್ತು, ಚಿನ್ನಿದಾಂಡು ಗೊತ್ತು, ಕಬಡ್ಡಿ ಗೊತ್ತು. ಗಾಲ್ಫ್ ನೋಡಿದರೆ ಟಿ.ವಿ.ಯಲ್ಲಿ ನೋಡಿರಬೇಕು. ಉದ್ದನೆ ಕೋಲಿನಿಂದ ನಿಂಬೆಹಣ್ಣಿನ ಗಾತ್ರದ ಚೆಂಡು ಹೊಡೆಯೋದು, ಅದರ ಹಿಂದೆ ನಡಕೊಂಡು ಹೋಗೋದು, ಒಂದು ಗುಳಿಗೆ ಬೀಳಿಸೋದು, ಮತ್ತೆ ಮುಂದಿನ ಗುಳಿ. ಹೀಗೆ ಹದಿನೆಂಟು ಗುಳಿ. ಆಟ ಇಷ್ಟೇ. ಆದರೆ ಇಷ್ಟು ಆಟಕ್ಕೆ ನೂರು, ನೂರೈವತ್ತು ಎಕರೆ ಬೇಕು. ಅಲ್ಲಿಗೆ ಇದು ಆಟದ ಮಾತಾಗಿ ಉಳಿಯಲಿಲ್ಲ, ಭೂಮಿಯ ಮಾತಾಯಿತು. ಭೂಮಿಯ ಮಾತು ಅಂದಮೇಲೆ ಅದು ನಮ್ಮ ಮಾತು.

ಆ ನೂರು ಎಕರೆ ಎಲ್ಲಿಂದ ಬರುತ್ತೆ? ಯಾವ ಸಾಹುಕಾರನ ಅಡಿಕೆ ತೋಟ ಕಡಿದು ಚೆಂಡಾಟದ ಬಯಲು ಮಾಡಿದ್ದನ್ನು ನಾವಂತೂ ಕೇಳಿಲ್ಲ. ಸಮುದ್ರದ ದಂಡೆಯ ಮರಳು, ಕೆರೆಯ ಅಂಗಳ, ದನ ಮೇಯೋ ಬಯಲು, ಇಂಥ ಕಡೆಯಿಂದ ಬರುತ್ತೆ. ಲೆಕ್ಕದ ಪುಸ್ತಕದಲ್ಲಿ ಇಂಥದ್ದಕ್ಕೆ ಖರಾಬು ಅಂತಾರೆ. ಬಡವ ಕೇಳಿದಾಗ ಅದು ಖರಾಬು, ಸರ್ಕಾರದ್ದು, ಕೊಡೋಕೆ ಬರಲ್ಲ. ದೊಡ್ಡವ ಕೇಳಿದಾಗ ಅದೇ ಖರಾಬು ಅಭಿವೃದ್ಧಿಗೆ ಯೋಗ್ಯವಾದ ಜಮೀನು. ಒಂದೇ ಸರ್ವೆ ನಂಬರು, ಎರಡು ನಾಲಿಗೆ.

ಈ ಎರಡು ನಾಲಿಗೆಯ ಕತೆಯನ್ನು ನಾವು ದೂರದಿಂದ ಶುರು ಮಾಡ್ತೀವಿ. ಯಾಕೆ ಅಂದರೆ ಆ ದೂರದ ಊರಿನ ಜನ ನಮಗಿಲ್ಲದ ಒಂದು ವಸ್ತು ಇಟ್ಟುಕೊಂಡಿದ್ದರು. ಅದು ಏನು ಅನ್ನೋದನ್ನು ನೀವು ತಿಳಕೊಳ್ಳಬೇಕು.

1. ಕಡಲ ದಂಡೆಯ ಖರಾಬು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸೇಂಟ್ ಆಂಡ್ರೂಸ್ ಅಂತ ಒಂದು ಸಣ್ಣ ಪಟ್ಟಣ ಇದೆ. ಅಲ್ಲಿನ ಸಮುದ್ರಕ್ಕೂ ಉಳುವ ಹೊಲಕ್ಕೂ ನಡುವೆ ಮರಳು ದಿಬ್ಬ, ಗಿಡ್ಡ ಹುಲ್ಲು, ಮುಳ್ಳುಪೊದೆ. ಬೆಳೆ ಬೆಳೆಯಲ್ಲ. ಇಂಥ ಜಾಗಕ್ಕೆ ಅವರ ಭಾಷೆಯಲ್ಲಿ ಲಿಂಕ್ಸ್ ಅಂತಾರೆ. ನಮ್ಮ ಶಾನುಭೋಗ ನೋಡಿದ್ದರೆ ಒಂದೇ ಏಟಿಗೆ ಖರಾಬು ಅಂತ ಬರೀತಿದ್ದ. ಅಲ್ಲಿ ಊರಿನವರ ಕುರಿ ಮೇಯ್ತಿದ್ದವು. ಕುರಿ ಮೇಯಿಸೋರು, ಬಟ್ಟೆ ಒಣಗಿಸೋರು, ಬಿಲ್ಲು ಹೊಡೆಯೋರು, ಚೆಂಡು ಹೊಡೆಯೋರು ಎಲ್ಲರೂ ಅದೇ ಬಯಲಲ್ಲಿ. 1457ರಲ್ಲಿ ಆ ದೇಶದ ಪಾರ್ಲಿಮೆಂಟು ಗಾಲ್ಫ್ ಆಡಬಾರದು ಅಂತ ಕಾನೂನೇ ಮಾಡಿತು. ಜನ ಬಿಲ್ವಿದ್ಯೆ ಬಿಟ್ಟು ಚೆಂಡಿನ ಹಿಂದೆ ಬಿದ್ದಿದ್ದಾರೆ, ಯುದ್ಧಕ್ಕೆ ಸಿಪಾಯಿಗಳು ಎಲ್ಲಿಂದ ಬರಬೇಕು ಅನ್ನೋದು ರಾಜನ ಚಿಂತೆ. ಅಂದರೆ ಈ ಆಟ ಹುಟ್ಟಿದಾಗ ದೊರೆಗಳ ಆಟವಾಗಿರಲಿಲ್ಲ, ಬಯಲಿನ ಆಟವಾಗಿತ್ತು.

1552ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ಗೆ ಆ ಮರಳಲ್ಲಿ ಮೊಲ ಸಾಕೋ ಆಸೆ ಬಂತು. ಧರ್ಮಾಧಿಕಾರಿ, ಕೇಳೋರು ಯಾರು? ಆದರೂ ಊರಿನವರ ಒಪ್ಪಿಗೆ ಪಡೆದು ಒಂದು ಸನ್ನದು ಬರೆದ. ಮೊಲ ನಾನು ಸಾಕ್ತೀನಿ, ಬಯಲು ಊರಿನದೇ, ಕುರಿದನ ಮೇಯಿಸೋ ಹಕ್ಕು, ಚೆಂಡಾಡೋ ಹಕ್ಕು ಜನರದೇ ಅಂತ ಅದರಲ್ಲಿ ಸೇರಿತು. ಈ ಒಂದು ಕಾಗದವನ್ನು ನೆನಪಿಡಿ.

1754ರಲ್ಲಿ 22 ಮಂದಿ ಜಮೀನ್ದಾರರು, ದೊಡ್ಡ ಮನುಷ್ಯರು ಸೇರಿ ಅಲ್ಲಿ ಗಾಲ್ಫ್ ಸಂಘ ಕಟ್ಟಿಕೊಂಡರು. 1764ರಲ್ಲಿ ಅವರು ಅಂಗಳದ ನಕ್ಷೆ ತಿದ್ದಿದರು. ಹೋಗುವಾಗ 11, ಬರುವಾಗ 11, ಒಟ್ಟು 22 ಗುಳಿ ಲೆಕ್ಕ ಇದ್ದದ್ದನ್ನು 18 ಮಾಡಿದರು. ಇವತ್ತು ಜಗತ್ತಿನ ಎಲ್ಲ ಕಡೆ 18 ಗುಳಿ ಇರೋದಕ್ಕೆ ಅದೇ ಮೂಲ. ಶಾಸ್ತ್ರ ಅಲ್ಲ, ಲೆಕ್ಕಾಚಾರ ಅಲ್ಲ, ಒಂದು ಊರಿನ ಬಯಲಲ್ಲಿ ಒಂದು ದಿನ ಮಾಡಿದ ಹೊಂದಾಣಿಕೆ. ದೊಡ್ಡವರ ನಿಯಮಗಳು ಹುಟ್ಟೋದೇ ಹೀಗೆ, ಆಮೇಲೆ ಅನಾದಿ ಅನ್ನಿಸಿಕೊಳ್ಳುತ್ತವೆ. ಜಾತಿ ನಿಯಮದ ಹಾಗೆ.

1797ರಲ್ಲಿ ಸಾಲದಲ್ಲಿ ಮುಳುಗಿದ್ದ ಪುರಸಭೆ ಆ ಬಯಲನ್ನೇ ಪರಭಾರೆ ಮಾಡಿತು. ಎರಡು ವರ್ಷದಲ್ಲಿ ಡೆಂಪ್‌ಸ್ಟರ್ ಅನ್ನೋ ವ್ಯಾಪಾರಿಗಳ ಕೈ ಸೇರಿತು. ಅವರು ಮೊಲದ ಚರ್ಮ, ಮಾಂಸದ ಲಾಭಕ್ಕೆ ಬಯಲ ತುಂಬ ಮೊಲ ಬಿಟ್ಟರು. ಮೊಲ ಬಿಲ ತೋಡಿ ತೋಡಿ ಅಂಗಳ ಹಾಳಾಯಿತು. ಊರಿನವರು ಮೊಲ ಹೊಡೆದರು, ವ್ಯಾಪಾರಿಗಳ ಆಳುಗಳು ಊರಿನವರ ಮೇಲೆ ಬಿದ್ದರು. ಕೇಸು ಎಡಿನ್‌ಬರೋ ಕೋರ್ಟು ದಾಟಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹತ್ತಿತು. 1821ರಲ್ಲಿ ಪಕ್ಕದ ಜಮೀನ್ದಾರ ಜೇಮ್ಸ್ ಚೀಪ್ ಕೊಂಡುಕೊಂಡ ಮೇಲೆ ಮೊಲದ ಗಲಾಟೆ ನಿಂತಿತು, ಆದರೆ ಬಯಲು ಊರಿಗೆ ಬರಲಿಲ್ಲ. 1894ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಪಟ್ಟಣ ಅದನ್ನು ವಾಪಸ್ ಪಡೆಯಿತು. 97 ವರ್ಷ! ಅಜ್ಜ ಶುರು ಮಾಡಿದ್ದನ್ನು ಮರಿಮಗ ಮುಗಿಸಿದ ಹಾಗೆ.

ಈ ನಡುವೆ ಅಂಗಳದ ರೂಪ ಬದಲಾಗ್ತಾನೇ ಇತ್ತು. ಚೆಂಡು ಮಾಡೋ ಕಸುಬಿನ ಅಲನ್ ರಾಬರ್ಟ್‌ಸನ್ ಕಾಲದಲ್ಲಿ ಮುಳ್ಳುಪೊದೆ ಸವರಿ ಹಾದಿ ಅಗಲ ಮಾಡಿದರು. ಒಂದೇ ದೊಡ್ಡ ಹುಲ್ಲುಹಾಸಿನಲ್ಲಿ ಹೋಗೋರಿಗೊಂದು ಬರೋರಿಗೊಂದು ಎರಡು ಗುಳಿ ಇಟ್ಟರು. ಅವನ ಹತ್ತಿರ ಚೆಂಡು ಹೊಲಿಯೋದು ಕಲಿತ ಟಾಮ್ ಮಾರಿಸ್, ಒಬ್ಬ ನೇಕಾರನ ಮಗ, 1865ರಿಂದ ಅಂಗಳದ ಮೇಲ್ವಿಚಾರಕನಾಗಿ ಮೊದಲ ಮತ್ತು ಕೊನೆಯ ಗುಳಿಗಳ ಜಾಗವನ್ನೇ ಹೊಸದಾಗಿ ಕಟ್ಟಿದ. 2012ರಲ್ಲಿ ಮತ್ತೆ ಕೆಲವು ಗುಳಿಗಳನ್ನು ತಿದ್ದಿದಾಗ ಪ್ರಪಂಚದ ಗಾಲ್ಫ್ ಪಂಡಿತರೆಲ್ಲ ಕೂಗಾಡಿದರು, ಪರಂಪರೆ ಹಾಳಾಯಿತು ಅಂತ.

ನಮಗೆ ಆ ಕೂಗು ಬೇಡ. ಎಷ್ಟು ಸಲ ತಿದ್ದಿದರೂ ಅಲ್ಲಿ ಬದಲಾಗದೆ ಉಳಿದ ಎರಡು ಸಂಗತಿ ನಮಗೆ ಬೇಕು. ಒಂದು, ಮೊದಲ ಗುಳಿ ಮತ್ತು ಹದಿನೆಂಟನೇ ಗುಳಿಯ ಹಾದಿಯನ್ನು ಅಡ್ಡ ಕೊಯ್ದು ಸಮುದ್ರಕ್ಕೆ ಹೋಗೋ ಸಾರ್ವಜನಿಕ ರಸ್ತೆ ಇವತ್ತಿಗೂ ಇದೆ. ಎಂಥ ಚಾಂಪಿಯನ್ನೇ ಆಗಲಿ, ದಾರಿಹೋಕ ದಾಟೋವರೆಗೂ ಕೋಲು ಹಿಡಕೊಂಡು ನಿಲ್ಲಬೇಕು. ಎರಡು, ಭಾನುವಾರ ಆಟ ಬಂದ್. ದೊಡ್ಡ ಪಂದ್ಯಗಳ ದಿನ ಬಿಟ್ಟರೆ, ಆ ದಿನ ಹುಲ್ಲಿನ ಮೇಲೆ ಊರಿನವರು ಮಕ್ಕಳು ನಾಯಿ ಕರಕೊಂಡು ಅಡ್ಡಾಡ್ತಾರೆ.

ಅಲ್ಲಿನದೆಲ್ಲ ಸಮಾನತೆ ಅಂತ ನಾವು ಹೇಳ್ತಿಲ್ಲ. ಹೋರಾಡಿದವರಲ್ಲಿ ಹೊಟ್ಟೆ ತುಂಬಿದವರೂ ಇದ್ದರು. ಅದೇ ಊರಿನ ದೊಡ್ಡ ಕ್ಲಬ್ಬು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳೋಕೆ ಒಪ್ಪಿದ್ದು 2014ರಲ್ಲಿ. ಆದರೆ ನೆಲ ಕ್ಲಬ್ಬಿನದಲ್ಲ, ಊರಿನದು. ಯಾಕೆ? 1552ರ ಕಾಗದ ಇತ್ತು. ಕಾಗದ ಹಿಡಕೊಂಡು 97 ವರ್ಷ ಬಿಡದೆ ನಿಂತ ಜನ ಇದ್ದರು. ಕಾಗದ ಮತ್ತು ಹಟ, ಎರಡೂ.

2. ಆಟ ಹಡಗು ಹತ್ತಿತು, ಕಾಗದ ಅಲ್ಲೇ ಉಳೀತು

ಅದೇ ಆಟ ಬ್ರಿಟಿಷರ ಜೊತೆ ನಮ್ಮ ದೇಶಕ್ಕೆ ಬಂತು. 1829ರಲ್ಲಿ ಕಲ್ಕತ್ತ, 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ಬು. ಇಸವಿ ಗಮನಿಸಿ. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಸಂವತ್ಸರದ ಬರ. ಲಕ್ಷಾಂತರ ಜನ ಹಸಿವಿನಿಂದ, ಕಾಲರಾದಿಂದ ಸತ್ತರು. ಬರ ಬಂದಾಗ ಮೊದಲು ಬೀಳೋ ಹೆಣ ಯಾವ ಕೇರಿಯದು ಅಂತ ನಿಮಗೆ ಹೇಳಬೇಕಾಗಿಲ್ಲ. ಅದೇ ವರ್ಷ ಅದೇ ಸೀಮೆಯ ದಂಡಿನ ಊರಲ್ಲಿ ದೊರೆಗಳು ಗುಳಿ ತೋಡಿ ಚೆಂಡಾಟ ಶುರು ಮಾಡಿದರು. ಒಂದು ಕಡೆ ಹೆಣಕ್ಕೆ ಗುಳಿ, ಇನ್ನೊಂದು ಕಡೆ ಚೆಂಡಿಗೆ ಗುಳಿ.

ಬಿಳಿಯರು ಹೋದರು. ಬೆಂಗಳೂರಿನ ಚಲ್ಲಘಟ್ಟ ಕೆರೆ ಏನಾಯಿತು? ಆ ಕೆರೆಯ ಅಂಗಳದಲ್ಲಿ ಇವತ್ತು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹದಿನೆಂಟು ಗುಳಿಗಳಿವೆ. ಕೆರೆ ಅಂದರೆ ಏನು? ನೀರು ಬಿಡೋ ನೀರಗಂಟಿ, ಹೂಳೆತ್ತೋ ಕೂಲಿ, ಕೆಳಗಿನ ಗದ್ದೆಯ ನಾಟಿ ಹೆಂಗಸರು. ಅವರ ಹೆಸರಲ್ಲಿ ಒಂದು ಕಾಗದ ಇದ್ದಿದ್ದರೆ, 97 ವರ್ಷ ಅಲ್ಲದಿದ್ದರೂ 97 ದಿನವಾದರೂ ಯಾರಾದರೂ ಕೇಸು ನಡೆಸ್ತಿದ್ದರು. ನೀರಗಂಟಿಗೆ ಕೆರೆಯ ಕೆಲಸ ಇತ್ತು, ಕೆರೆ ಇರಲಿಲ್ಲ.

ಈ ಆಟದಲ್ಲಿ ನಮ್ಮಂಥವರಿಗೆ ಕೊಟ್ಟ ಜಾಗ ಯಾವುದು? ಚೀಲ ಹೊರೋದು. ಅದಕ್ಕೆ ಕ್ಯಾಡಿ ಅಂತ ಹೆಸರು. ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಚೀಲ ಹೊತ್ತ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ, 1993ರಲ್ಲಿ ಮತ್ತೆ ಗೆದ್ದ. ಕೋಲು ಕೈಗೆ ಕೊಟ್ಟರೆ ಚೀಲ ಹೊತ್ತವನೂ ಗೆಲ್ಲಬಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ಕ್ಲಬ್ಬಿನಲ್ಲಿ 2017ರ ಜೂನ್‌ನಲ್ಲಿ ಮೇಘಾಲಯದ ಒಬ್ಬ ಖಾಸಿ ಹೆಂಗಸು ತಮ್ಮ ಜನಾಂಗದ ಉಡುಪು ಉಟ್ಟು ಅತಿಥಿಯಾಗಿ ಊಟಕ್ಕೆ ಕೂತಾಗ, ಮನೆಗೆಲಸದವಳ ಹಾಗೆ ಕಾಣ್ತೀಯ ಅಂತ ಎಬ್ಬಿಸಿದರು. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಊರುಗಳಿಂದ ಬಂದ ನಮಗೆ ಇದು ಹೊಸದೇನೂ ಅಲ್ಲ. ಲೋಟ ಬೆಳ್ಳಿಯದು, ಅಷ್ಟೇ ವ್ಯತ್ಯಾಸ.

ಅಮೆರಿಕಾದಲ್ಲೂ ಇದೇ. ಅಲ್ಲಿನ ವೃತ್ತಿಪರ ಗಾಲ್ಫ್ ಸಂಘದ ನಿಯಮಾವಳಿಯಲ್ಲಿ 1961ರವರೆಗೂ ಬಿಳಿಯರಿಗೆ ಮಾತ್ರ ಸದಸ್ಯತ್ವ ಅನ್ನೋ ಸಾಲು ಇತ್ತು. ಅಗಸ್ಟಾ ಅನ್ನೋ ಹೆಸರುವಾಸಿ ಅಂಗಳದಲ್ಲಿ ಆಗ ಚೀಲ ಹೊರ್ತಿದ್ದೋರು ಕಪ್ಪು ಜನ. ಆ ಅಂಗಳದ ದೊಡ್ಡ ಪಂದ್ಯದಲ್ಲಿ ಮೊದಲ ಕಪ್ಪು ಆಟಗಾರ ಲೀ ಎಲ್ಡರ್ ಆಡಿದ್ದು 1975ರಲ್ಲಿ. ಕ್ಲಬ್ಬಿಗೆ ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ. ಹೊಲೆಗೇರಿ ಅನ್ನೋದು ಬರೀ ನಮ್ಮೂರಲ್ಲಿಲ್ಲ, ಗೆಳೆಯರೇ.

3. ನಮ್ಮ ಸೀಮೆಯ ಲಿಂಕ್ಸು: ಕಾವಲು

ಈಗ ಮನೆಗೆ ಬರೋಣ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಸಮುದ್ರ ಇಲ್ಲ. ಆದರೆ ಉಳದ ಹುಲ್ಲುಬಯಲು ಇದೆ, ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672-1704) ಬೆಣ್ಣೆ ಚಾವಡಿ ಅಂತ ಶುರುವಾಯಿತು. ಹೈದರ್ ಅದನ್ನು ದಂಡಿನ ಫಿರಂಗಿ ಎಳೆಯೋ ಎತ್ತುಗಳಿಗಾಗಿ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತಮಹಲ್ ಅಂತ ಹೆಸರಿಟ್ಟ. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲು, ಹೀಗೆ ಸಂಸ್ಥಾನದ ಉದ್ದಗಲಕ್ಕೆ ಲಕ್ಷಾಂತರ ಎಕರೆ. 1799ರಲ್ಲಿ ಅದು ಬ್ರಿಟಿಷರ ಪಾಲಾಯಿತು. 1860ರಲ್ಲಿ ಖರ್ಚು ಜಾಸ್ತಿ ಅಂತ ಹಿಂಡನ್ನೇ ಮಾರಿದರು. ಎತ್ತು ಸಿಗದೆ ಪರದಾಡಿ ಕೆಲವೇ ವರ್ಷಕ್ಕೆ ಮತ್ತೆ ಕಟ್ಟಿದರು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಬಂತು. ಅಜ್ಜಂಪುರದ ತಳಿ ಕೇಂದ್ರ ಆ ಹಿಂಡಿನ ಮನೆ.

ಈ ಇತಿಹಾಸದಲ್ಲಿ ಎತ್ತಿಗೆ ಹೆಸರಿದೆ, ಹಸುವಿಗೆ ವಂಶಾವಳಿ ಇದೆ, ರಾಜನಿಗೆ ಅಧ್ಯಾಯ ಇದೆ. ಸತ್ತ ದನ ಹೊತ್ತವನಿಗೆ, ಚರ್ಮ ಹದ ಮಾಡಿ ಮಿಣಿ, ಬಾರುಕೋಲು ಕೊಟ್ಟವನಿಗೆ ಒಂದು ಸಾಲೂ ಇಲ್ಲ. ಕರ್ನಾಟಕದ ಕಂದಾಯ ನಿಯಮದಲ್ಲಿ ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ಬರೆದಿದೆ. ಒಳ್ಳೇದು, ದನ ಮೇಯಲಿ. ಭೂಮಿ ಇಲ್ಲದ ನೂರು ಮನುಷ್ಯರಿಗೆ ಇಷ್ಟು ಎಕರೆ ಇರಲೇಬೇಕು ಅಂತ ಎಲ್ಲಿ ಬರೆದಿದೆ, ತೋರಿಸ್ತೀರಾ?

ಕಾವಲು ಹೇಗೆ ಕರಗುತ್ತೆ ಅನ್ನೋದಕ್ಕೆ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ನೋಡಿ. ಅಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕುರಿ ಮೇಯಿಸೋರಿಗೆ ಗೊತ್ತಾದದ್ದು ಗೋಡೆ ಎದ್ದ ಮೇಲೆ. ನಮ್ಮ ಸೀಮೆಗೂ ಬೆಲೆ ಏರೋ ಕಾಲ ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಗೆ ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗ ಕೊರೆದಿದ್ದಾರೆ. ನೀರು ಬರೋ ಕಡೆ ಖರಾಬು ಖರಾಬಾಗಿ ಉಳಿಯಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತು ಹಾಕಿದರು. ಈಗ ನೇಗಿಲು ಮುಟ್ಟದವನೂ ಹೊಲ ಕೊಳ್ಳಬಹುದು, ರೆಸಾರ್ಟು ಕಟ್ಟೋನೂ ಕೊಳ್ಳಬಹುದು. 1974ರ ಭೂಸುಧಾರಣೆಯಲ್ಲಿ ಗೇಣಿದಾರನಿಗೆ ಭೂಮಿ ಬಂತು. ಗೇಣಿ ಚೀಟಿಯೂ ಇಲ್ಲದೆ ಜೀತ, ಕೂಲಿ ಮಾಡಿಕೊಂಡಿದ್ದ ನಮ್ಮೋರು ಬಹುಪಾಲು ಹೊರಗೇ ಉಳಿದರು. 2020ರಲ್ಲಿ ಬಾಗಿಲು ದುಡ್ಡಿದ್ದವನಿಗೆ ತೆರೆಯಿತು. ಎರಡು ಸಲವೂ ನಾವು ಬಾಗಿಲಾಚೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ತೀವಿ. ಕಾವಲು ಉಳಿಸಿ ಅನ್ನೋ ಪರಿಸರವಾದಿಗಳು ನಮ್ಮ ಶತ್ರುಗಳಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಕ್ಕಾಗಿ ಸಂರಕ್ಷಿತ ಮೀಸಲು ಅಂತ ಘೋಷಿಸಿದರು. ಜಿಂಕೆ ಉಳಿಯಲಿ, ಹುಲ್ಲು ಉಳಿಯಲಿ, ಗೊಲ್ಲರ, ಕುರುಬರ ಕುರಿ ಮೇಯಲಿ. ಹುಲ್ಲುಬಯಲನ್ನೆಲ್ಲ ಗುಂಟೆ ಗುಂಟೆ ಹಂಚಿ ಅಂತ ನಾವು ಕೇಳಲ್ಲ. ಆದರೆ ಕಾವಲಿನ ಅಂಚಿನಲ್ಲಿ ಎರಡು ಎಕರೆ ರಾಗಿ ಚೆಲ್ಲಿದ ಕೇರಿಯವನನ್ನು ಅತಿಕ್ರಮಣದಾರ ಅಂತ ಎಬ್ಬಿಸೋ ಬಾಯಿ, ಬೇಲಿ ಸರಿಸಿ ಸರಿಸಿ ತೋಟ ಮಾಡಿದವನ ಮುಂದೆ ಯಾಕೆ ಹೊಲಿದುಕೊಳ್ಳುತ್ತೆ? ಅದಕ್ಕೆ ಮೊದಲು ಉತ್ತರ ಕೊಡಿ.

4. ಸಾರ್ವಜನಿಕ ಅಂದರೆ ಯಾರು?

ಸೇಂಟ್ ಆಂಡ್ರೂಸಿನವರು ಬಯಲು ನಮ್ಮದು ಅಂದಾಗ ಯಾರೂ ನಗಲಿಲ್ಲ. ನಮ್ಮ ಊರುಗಳಲ್ಲಿ ಎಲ್ಲರದೂ ಅನ್ನೋ ಪದಕ್ಕೆ ಒಂದು ಗೆರೆ ಇದೆ, ಆ ಗೆರೆ ಕೇರಿಯ ಮುಂಚೆ ನಿಲ್ಲುತ್ತೆ. ಗೋಮಾಳ ಎಲ್ಲರದು, ನಮ್ಮ ಆಡು ಕಂಡರೆ ಬೈಗುಳ. ಕೆರೆ ಎಲ್ಲರದು, ಮೀನು ಹರಾಜು ಅವರದು. ಸ್ಮಶಾನ ಊರಿನದು, ನಮ್ಮ ಹೆಣ ಹಳ್ಳದ ದಂಡೆಗೆ. ಚೆಂಡು ಉರುಳೋಕೆ ನೂರು ಎಕರೆ ಇರೋ ನಾಡಿನಲ್ಲಿ ಹೆಣ ಮಲಗಿಸೋಕೆ ಆರಡಿಗೆ ಅರ್ಜಿ ಹಿಡಕೊಂಡು ನಿಲ್ಲೋರು ನಾವು.

ಬಾಬಾಸಾಹೇಬರು ಈ ಗೆರೆಯನ್ನೇ ಮಹಾಡಿನಲ್ಲಿ ದಾಟಿದ್ದು. ಸರ್ಕಾರಿ ದುಡ್ಡಿನ ಕೆರೆ ಬಾವಿ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಬೊಂಬಾಯಿ ಶಾಸನಸಭೆ 1923ರಲ್ಲಿ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ 1924ರಲ್ಲಿ ಒಪ್ಪಿತ್ತು. ಕಾಗದ ಇತ್ತು, ನೀರು ಸಿಕ್ಕಿರಲಿಲ್ಲ. 1927ರ ಮಾರ್ಚ್ 20ರಂದು ಅವರು ಸಾವಿರಾರು ಜನರ ಜೊತೆ ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಸವರ್ಣರು ಅದು ಖಾಸಗಿ ಕೆರೆ ಅಂತ ಕೋರ್ಟಿಗೆ ಹೋದರು. 1937ರ ಮಾರ್ಚ್‌ನಲ್ಲಿ ಹೈಕೋರ್ಟಿನಲ್ಲಿ ಅವರು ಸೋತರು. ಹತ್ತು ವರ್ಷ! ಬಾಬಾಸಾಹೇಬರು ಕೆರೆಗೂ ಹೋದರು, ಕೋರ್ಟಿಗೂ ಹೋದರು. ಒಂದನ್ನೇ ಮಾಡಿ ಮನೇಲಿ ಕೂರಲಿಲ್ಲ.

5. ಓದಿದವರ ಕೆಲಸ

ಆದ್ದರಿಂದ ಹಾಸ್ಟೆಲ್ ಗೆಳೆಯರೇ, ನಿಮ್ಮ ಪಾಲಿನ ಕೆಲಸ ಹೇಳ್ತೀವಿ. ಭಾಷಣಕ್ಕೆ ಜನ ಇದ್ದಾರೆ. ಪಹಣಿ ಓದೋ ಜನ ಬೇಕು.

ಒಂದು: ರಜೆಗೆ ಊರಿಗೆ ಹೋದಾಗ ಗ್ರಾಮ ನಕ್ಷೆ ಮತ್ತು ಪಹಣಿ ತೆಗೀರಿ. ಕಾವಲು, ಗೋಮಾಳ, ಕೆರೆ, ಸ್ಮಶಾನದ ಸರ್ವೆ ನಂಬರು, ವಿಸ್ತೀರ್ಣ ಒಂದು ನೋಟ್‌ಬುಕ್ಕಿನಲ್ಲಿ ಬರೀರಿ. ಕಾಗದದಲ್ಲಿ ಎಷ್ಟಿದೆ, ಕಣ್ಣಿಗೆ ಎಷ್ಟು ಕಾಣುತ್ತೆ, ವ್ಯತ್ಯಾಸ ಯಾರ ಬೇಲಿಯೊಳಗೆ ಹೋಯಿತು, ಇದು ಮೂರನೇ ಸಾಲು.

ಎರಡು: ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಹಾಕಿ. ಹತ್ತು ರೂಪಾಯಿ, ಮೂವತ್ತು ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದಕ್ಕೇ ಸಿಟ್ಟನ್ನೆಲ್ಲ ಅರ್ಜಿಯಲ್ಲಿ ಸುರೀಬೇಡಿ, ಸರ್ವೆ ನಂಬರು ಬರೀರಿ. ಸಿಟ್ಟು ಸಭೆಗೆ ಇಟ್ಟುಕೊಳ್ಳಿ.

ಮೂರು: ಅಜ್ಜನಿಗೆ ಸರ್ಕಾರ ಕೊಟ್ಟ ಜಮೀನು ಸಾಲಕ್ಕೋ ಸಾರಾಯಿಗೋ ಯಾರದೋ ಕೈಗೆ ಹೋಗಿದೆಯೇ? 1978ರ ಪಿ.ಟಿ.ಸಿ.ಎಲ್. ಕಾಯ್ದೆ ನಿಮ್ಮದು. ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆ ಅಸಿಂಧು. ತಡವಾಗಿ ಬಂದಿರಿ ಅಂತ 2017ರ ನಂತರ ಕೋರ್ಟುಗಳಲ್ಲಿ ಎಷ್ಟೋ ಅರ್ಜಿ ಬಿದ್ದುಹೋದವು. 2023ರಲ್ಲಿ ಕಾಯ್ದೆ ತಿದ್ದಿ ಕಾಲಮಿತಿ ಇಲ್ಲ ಅಂದರು. ಆದರೂ ವಿಳಂಬದ ವಾದ ಇನ್ನೂ ಬರುತ್ತಲೇ ಇದೆ. ಆದ್ದರಿಂದ ನಾಳೆ ಅನ್ನಬೇಡಿ.

ನಾಲ್ಕು: 1969ರ ಭೂ ಮಂಜೂರಾತಿ ನಿಯಮದಲ್ಲಿ ಹಂಚಿಕೆಗೆ ಸಿಗೋ ಸರ್ಕಾರಿ ಜಮೀನಿನಲ್ಲಿ ಶೇಕಡಾ 50 ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ. ಬಗರ್‌ಹುಕುಂ ಸಕ್ರಮಕ್ಕೆ ಸರ್ಕಾರ ಮೊದಲು ಗೊತ್ತು ಮಾಡಿದ ದಿನ 1990ರ ಏಪ್ರಿಲ್ 14, ಬಾಬಾಸಾಹೇಬರು ಹುಟ್ಟಿದ ದಿನ. ಅವರ ಹುಟ್ಟುಹಬ್ಬದ ಹೆಸರಲ್ಲಿ ಯಾರ ಯಾರ ಖಾತೆಗೆ ಎಷ್ಟು ಎಕರೆ ಹೋಯಿತು, ನಮೂನೆ 50, 53, 57ರಲ್ಲಿ ನಮ್ಮ ಕೇರಿಯ ಅರ್ಜಿ ಎಷ್ಟು ಕೊಳೀತಿವೆ, ಲೆಕ್ಕ ಕೇಳಿ.

ಐದು: ಅತಿಕ್ರಮಣ ಬಿಡಿಸ್ತೀವಿ ಅಂತ ಅಧಿಕಾರಿ ಕೇರಿಗೇ ಮೊದಲು ಬಂದರೆ ಸುಪ್ರೀಂ ಕೋರ್ಟಿನ 2011ರ ಜನವರಿ 28ರ ಜಗಪಾಲ್ ಸಿಂಗ್ ತೀರ್ಪು ತೋರಿಸಿ. ಊರಿನ ಸಾಮಾನ್ಯ ಭೂಮಿಯ ಒತ್ತುವರಿ ತೆರವು ಮಾಡಿ ಅಂದ ಅದೇ ತೀರ್ಪು, ಸರ್ಕಾರದ ಅಧಿಸೂಚನೆಯಂತೆ ಭೂಹೀನರಿಗೆ, ಪರಿಶಿಷ್ಟರಿಗೆ ಕೊಟ್ಟ ಜಾಗವನ್ನು ಬೇರೆಯಾಗಿ ನೋಡಬಹುದು ಅಂದಿದೆ. ಅಧಿಕಾರಿ ಮೊದಲರ್ಧ ಓದಿರ್ತಾನೆ. ಎರಡನೇ ಅರ್ಧ ಓದಿ ಹೇಳೋದು ನಿಮ್ಮ ಕೆಲಸ.

ಇದೆಲ್ಲ ನಿಧಾನದ ದಾರಿ ಅಂತ ಬೇಜಾರಾಗಬೇಡಿ. ಮೊಲ ತೋಡಿದ ಬಿಲ ಮುಚ್ಚಿಸೋಕೆ ಆ ಕಡಲೂರಿನ ಜನಕ್ಕೆ ಒಂದು ಶತಮಾನ ಬೇಕಾಯಿತು. ಅವರಿಗೆ ಓದಿದವರು ಇದ್ದರು, ನಮಗೂ ಈಗ ಇದ್ದಾರೆ. ಹಾಸ್ಟೆಲಿನ ಒಂದೊಂದು ರೂಮಿನಲ್ಲೂ ಎಂಟು ಜನ ಇದ್ದೀರಿ. ನಿಮ್ಮಪ್ಪ ಹೆಬ್ಬೆಟ್ಟು ಒತ್ತಿ ಕಳಕೊಂಡದ್ದನ್ನು ನೀವು ಸಹಿ ಹಾಕಿ ಕೇಳಬೇಕು.

ಅವರು ಆಟದ ಅಂಗಳವನ್ನು ಹತ್ತು ಸಲ ತಿದ್ದಲಿ. ನಾವು ಊರಿನ ನಕ್ಷೆಯನ್ನು ಒಂದೇ ಸಲ ತಿದ್ದಬೇಕಾಗಿದೆ. ಅದರಲ್ಲಿ ಕೇರಿಗೆ ಹೊಲ ಇರಬೇಕು, ಹೊಲಕ್ಕೆ ದಾರಿ ಇರಬೇಕು, ಸತ್ತರೆ ಮಣ್ಣಿರಬೇಕು.

ಖರಾಬು ಭೂಮಿಯಲ್ಲಿಲ್ಲ, ಲೆಕ್ಕ ಬರೆದ ಕೈಯಲ್ಲಿದೆ!
ಕಾವಲು ಹುಲ್ಲಿಗೆ, ಒತ್ತುವರಿ ತೋಟ ಭೂಹೀನರಿಗೆ!
ಚೀಲ ಹೊರೋದು ಸಾಕು, ಭೂಮಿ ಬೇಕು!

ಜೈ ಭೀಮ್.